ಅಕ್ಕಿ ಬಿಟ್ಟು ರಾಗಿಗೆ ಬಂದವರ ಹೊಟ್ಟೆ: ವೈದ್ಯರೊಂದಿಗೆ ಪ್ರಶ್ನೋತ್ತರ

ಸದಸ್ಯ, ಮೂಡಿಗೆರೆ: ನಮಸ್ಕಾರ ಡಾಕ್ಟರೇ. ನಮ್ಮ ತಂದೆಯವರಿಗೆ 58 ವರ್ಷ. ಸಕ್ಕರೆ ಕಾಯಿಲೆಯೆಂದು ತಿಳಿದ ಮೇಲೆ, ಎರಡು ತಿಂಗಳಿಂದ ಮೆಟ್‌ಫಾರ್ಮಿನ್ ಮಾತ್ರೆ ನುಂಗುತ್ತಿದ್ದಾರೆ. ಅಕ್ಕಿ ರೊಟ್ಟಿ, ಕಡುಬು ಬಿಟ್ಟು ರಾಗಿ ಮುದ್ದೆ ಉಣ್ಣುತ್ತಿದ್ದಾರೆ. ಅಂದಿನಿಂದ ಹೊಟ್ಟೆಯುಬ್ಬರವಿದೆ, ಭೇದಿಗಾಗಿ ರಾತ್ರಿಯೂ ಏಳುತ್ತಾರೆ, ತೂಕ ಇಳಿದಿದೆ. ಕರುಳು ಹೊಂದಿಕೊಳ್ಳಲು ಇಷ್ಟು ಕಾಲ ಬೇಕೇ?

ವೈದ್ಯೆ, ಹಾಸನ: ಬೇಕಿಲ್ಲ. 100 ಗ್ರಾಂ ರಾಗಿಯಲ್ಲಿ ಸುಮಾರು 11 ಗ್ರಾಂ ನಾರಿದೆ. ಪಾಲಿಷ್ ಮಾಡಿದ ಅಕ್ಕಿಯಲ್ಲಿ 3 ಗ್ರಾಂ ಕೂಡ ಇರುವುದಿಲ್ಲ. ಸಣ್ಣ ಕರುಳಿನಲ್ಲಿ ಜೀರ್ಣವಾಗದ ಆ ನಾರನ್ನು ದೊಡ್ಡ ಕರುಳಿನ ಬ್ಯಾಕ್ಟೀರಿಯಾಗಳು ಹುದುಗಿಸುವುದರಿಂದ ವಾಯು ಹುಟ್ಟುತ್ತದೆ. ಊಟ ಬದಲಾದ ಕೆಲವೇ ದಿನಗಳಲ್ಲಿ ಯಾವ ಬ್ಯಾಕ್ಟೀರಿಯಾ ಎಷ್ಟಿರಬೇಕೆಂಬ ಲೆಕ್ಕವೂ ಬದಲಾಗತೊಡಗುತ್ತದೆ. ಆದ್ದರಿಂದ ಬರೀ ಉಬ್ಬರವಾಗಿದ್ದರೆ ಕೆಲವು ವಾರಗಳಲ್ಲಿ ತಗ್ಗಬೇಕಿತ್ತು. ಮೆಟ್‌ಫಾರ್ಮಿನ್‌ನಿಂದಲೂ ಭೇದಿಯಾಗುವುದುಂಟು, ಆದರೆ ಅದನ್ನು ನೀವಾಗಿಯೇ ನಿಲ್ಲಿಸದೆ ಬರೆದುಕೊಟ್ಟ ವೈದ್ಯರನ್ನು ಕೇಳಿ. ನನಗೆ ಚಿಂತೆಯಾಗಿರುವುದು ನಿದ್ದೆಯಿಂದೆಬ್ಬಿಸುವ ಭೇದಿ ಮತ್ತು ತೂಕದ ಇಳಿಕೆ. ಇವೆರಡನ್ನೂ ಮುದ್ದೆಯ ತಲೆಗೆ ಕಟ್ಟುವಂತಿಲ್ಲ. ಮಲದಲ್ಲಿ ರಕ್ತ ಕಂಡಿದೆಯೇ? ಈ ವಾರವೇ ರಕ್ತ ಮತ್ತು ಮಲದ ಪರೀಕ್ಷೆ ಮಾಡಿಸಿ, ಕೊಲೊನೊಸ್ಕೋಪಿಯೂ (ಕ್ಯಾಮೆರಾವಿರುವ ಕೊಳವೆಯಿಂದ ದೊಡ್ಡ ಕರುಳಿನ ಒಳಗನ್ನು ನೋಡುವ ಪರೀಕ್ಷೆ) ಬೇಕಾಗಬಹುದು.

ಸದಸ್ಯೆ, ಚನ್ನರಾಯಪಟ್ಟಣ: ಮೇಡಂ, ಹಾಲು ಕುಡಿದರೆ ಹೊಟ್ಟೆ ಉಬ್ಬುತ್ತದೆ. ದಿನವೂ ಕುಡಿದರೆ ಒಗ್ಗುತ್ತದೆಯೇ?

ವೈದ್ಯೆ: ಕುಡಿದಷ್ಟೂ, ಹಾಲಿನ ಸಕ್ಕರೆಯನ್ನು ಜೀರ್ಣಿಸುವ ಲ್ಯಾಕ್ಟೇಸ್ ಕಿಣ್ವ ಹೆಚ್ಚುವುದಿಲ್ಲ. ಸ್ವಲ್ಪಸ್ವಲ್ಪವೇ ಕುಡಿದರೆ ದೊಡ್ಡ ಕರುಳಿನ ಬ್ಯಾಕ್ಟೀರಿಯಾಗಳು ಹೊಂದಿಕೊಳ್ಳಬಹುದು. ಮೊಸರು ತಿಂದು ನೋಡಿ.

ಸದಸ್ಯ, ಬೇಲೂರು: ಖಾಲಿ ಹೊಟ್ಟೆಗೆ ಹರಳೆಣ್ಣೆ ಕುಡಿದು ಕರುಳು ತೊಳೆದುಕೊಂಡರೆ ಎಲ್ಲವೂ ಸರಿಹೋಗುತ್ತದೆಂದು ಸಂದೇಶ ಬಂದಿದೆ. ಮೂಡಿಗೆರೆಯವರು ಪ್ರಯತ್ನಿಸಲಿ.

ವೈದ್ಯೆ: ಖಂಡಿತ ಕೂಡದು. ಭೇದಿಯಾಗುತ್ತಿರುವವರಿಗೆ ಭೇದಿಯ ಎಣ್ಣೆಯನ್ನೇ ಕುಡಿಸಿದರೆ ದೇಹದ ನೀರು, ಲವಣ ಕಳೆದುಹೋಗಿ ಮೂತ್ರಪಿಂಡಕ್ಕೆ ಪೆಟ್ಟು ಬೀಳಬಹುದು. ಇಂಥದ್ದನ್ನು ಮುಂದಕ್ಕೆ ಕಳಿಸುವವರು ರೋಗಿಯ ಮುಖವನ್ನೂ ನೋಡಿರುವುದಿಲ್ಲ.

ಸದಸ್ಯ, ಬೇಲೂರು: ನಮ್ಮಜ್ಜಿ ಎಲ್ಲರಿಗೂ ಕುಡಿಸುತ್ತಿದ್ದರು. ಅಸಲಿಗೆ ಮಲೆನಾಡಿನವರ ಹೊಟ್ಟೆಗೆ ಮುದ್ದೆ ದಕ್ಕುವುದಿಲ್ಲ.

ಸದಸ್ಯೆ, ಕೊಪ್ಪ: ದಕ್ಕುತ್ತದೋ ಇಲ್ಲವೋ ನಾವು ನೋಡಿಕೊಳ್ಳುತ್ತೇವೆ. ನಿಮ್ಮ ಅಜ್ಜಿಯ ಎಣ್ಣೆ ನಿಮ್ಮಲ್ಲೇ ಇರಲಿ.

ಸದಸ್ಯ, ಅರಸೀಕೆರೆ: ಅಕ್ಕಿ ತಿಂದೇ ಸಕ್ಕರೆ ಕಾಯಿಲೆ ತಂದುಕೊಂಡವರು ಮಾತನಾಡಬಾರದು.

ವೈದ್ಯೆ: ಸಾಕು ಮಾಡಿ. ನಾರನ್ನು ದಿಢೀರನೆ ಹೆಚ್ಚಿಸಿದರೆ ಯಾವ ಊರಿನವರಿಗಾದರೂ ವಾಯುವಾಗುತ್ತದೆ.

ಸದಸ್ಯ, ಸಕಲೇಶಪುರ: ಬೆಳಿಗ್ಗೆ ಖಾಲಿ ಹೊಟ್ಟೆಗೆ ಕಾಫಿ ಕುಡಿಯಬಹುದೇ?

ಸದಸ್ಯ, ಕಡೂರು: ಹಾಲು ಒಗ್ಗದವರು ಏನು ಮಾಡಬೇಕು?

ವೈದ್ಯೆ: ಮೇಲೆ ಬರೆದಿದ್ದೇನೆ, ಓದಿ.

ಸದಸ್ಯ, ಮೂಡಿಗೆರೆ: ರಕ್ತ ಕಂಡಿದೆಯಂತೆ, ಡಾಕ್ಟರೇ. ಮೂಲವ್ಯಾಧಿಯಿರಬೇಕು, ಕಾಫಿ ಕುಯ್ಲು ಮುಗಿದ ಮೇಲೆ ಬರುತ್ತೇನೆ ಎನ್ನುತ್ತಾರೆ.

ವೈದ್ಯೆ: ಮೂಲವ್ಯಾಧಿಯೋ ಅಲ್ಲವೋ ಎಂಬುದನ್ನು ನೋಡದೆ ಹೇಳಲಾಗದು. ಕುಯ್ಲಿಗೆ ಕಾಯದೆ ನಾಳೆಯೇ ಕರೆದುಕೊಂಡು ಬನ್ನಿ.