ಮೈಸೂರಿನ ಮನೆ ಬಾಡಿಗೆಗೆ ಕೊಟ್ಟು ಹಾಯಿದೋಣಿಯಲ್ಲಿ ಇರೋಕೆ ಆಗುತ್ತಾ?

ಕುವೆಂಪುನಗರದವ:
ನನಗೆ 56, ಹೆಂಡತಿಗೆ 52. ಮುಂದಿನ ವರ್ಷ ವಿಆರ್‌ಎಸ್ ತೆಗೆದುಕೊಳ್ಳುತ್ತೇನೆ. ಮಗಳ ಮದುವೆ ಆಗಿದೆ. ಗಂಡ ಹೆಂಡತಿ ಇಬ್ಬರೇ ಹಾಯಿದೋಣಿಯಲ್ಲಿ ದ್ವೀಪ ದ್ವೀಪ ಸುತ್ತುವ ವಿಡಿಯೊ ನೋಡಿ ನೋಡಿ ತಲೆ ಕೆಟ್ಟಿದೆ. ಮಲೇಷ್ಯಾದ ಲಂಕಾವಿ ದ್ವೀಪದಲ್ಲಿ ಹಳೇ ದೋಣಿ ಕೊಂಡು ಥಾಯ್ಲೆಂಡ್ ಕಡೆ ಓಡಾಡಿಕೊಂಡಿರೋಣ ಅಂತ. ನಾನು ಕಂಡ ಸಮುದ್ರ ಮಲ್ಪೆ, ಕಾರವಾರ ಅಷ್ಟೇ. ಹೆಂಡತಿ ಮಾತ್ರ "ಕೆಆರ್‌ಎಸ್ ಬೋಟಿನಲ್ಲೇ ನಿಮಗೆ ವಾಂತಿ ಬಂದಿತ್ತು" ಅಂತ ದಿನಾ ನೆನಪಿಸುತ್ತಾಳೆ. ನಿಜವಾಗಿ ಮಾಡಿದವರು ಯಾರಾದರೂ ಇದ್ದೀರಾ?

ನಾಲೆಯಲ್ಲಿ ಈಜು ಕಲಿತವನು:
ಇದ್ದೇವೆ ಸಾರ್, ಮಂಡ್ಯದವರು. ನಾಲ್ಕು ಸೀಸನ್ ಆಯಿತು. 36 ಅಡಿಯ ಹಳೇ ಫೈಬರ್ ದೋಣಿ. ನಾನು, ನಮ್ಮ ಮನೆಯವಳು, ಇಬ್ಬರೇ.

ಮೊದಲು ವೇಗದ ಭ್ರಮೆ ಬಿಡಿ. ಒಳ್ಳೆ ಗಾಳಿ ಇದ್ದರೆ 5 ನಾಟ್, ಅಂದರೆ ಗಂಟೆಗೆ 9 ಕಿಲೋಮೀಟರ್. ಮಂಡ್ಯದಿಂದ ಮೈಸೂರಿಗೆ ಐದು ಗಂಟೆ! ಸೈಕಲ್ಲೇ ವಾಸಿ. ನವೆಂಬರ್ ಕೊನೆಯಿಂದ ಏಪ್ರಿಲ್‌ವರೆಗೆ ಆ ಕಡೆ ಗಾಳಿ ಈಶಾನ್ಯದಿಂದ, ನೆಲದ ಕಡೆಯಿಂದ ಬರುತ್ತದೆ. ಅದಕ್ಕೇ ಥಾಯ್ಲೆಂಡಿನ ಪಶ್ಚಿಮ ಕರಾವಳಿಯಲ್ಲಿ ಅಲೆ ಕಡಿಮೆ. ಲಂಕಾವಿ, ಕೊ ಲಿಪೆ, ಕೊ ಲಂಟಾ, ಫಿ ಫಿ, ಹೀಗೆ ಹಗಲು ಹೊತ್ತಿನಲ್ಲೇ ಒಂದೊಂದು ದ್ವೀಪ ದಾಟಿಕೊಂಡು ಫುಕೆಟ್ ತಲುಪಬಹುದು. ಮುಂಗಾರಿಗೆ ದೋಣಿಯನ್ನು ದಡಕ್ಕೆ ಎತ್ತಿಸಿ, ತಳಕ್ಕೆ ಅಂಟಿದ ಚಿಪ್ಪು ಕೆರೆಸಿ ನಾವು ಊರಿಗೆ ಬಂದುಬಿಡುತ್ತೇವೆ.

ಹಾಯಿ ಏರಿಸೋದು ಕಷ್ಟವಲ್ಲ. ಕಷ್ಟ ಇರೋದು ಲಂಗರಿನಲ್ಲಿ. ಮೊದಲ ವರ್ಷ ಏಪ್ರಿಲ್ ಕೊನೆ. ಇಳಿತದ ಹೊತ್ತಿನಲ್ಲಿ ಲಂಗರು ಹಾಕಿದೆ. ಮೀಟರಿನಲ್ಲಿ ಆಳ 6 ಮೀಟರ್. ಆಳದ ಐದರಷ್ಟು ಸರಪಳಿ ಬಿಡಬೇಕು ಅಂತ ಹೇಳಿಕೊಟ್ಟಿದ್ದರು, 30 ಮೀಟರ್ ಬಿಟ್ಟು ಮಲಗಿದೆ. ಉಬ್ಬರಕ್ಕೆ ನೀರು 3 ಮೀಟರ್ ಏರುತ್ತೆ, ದೋಣಿಯ ಮೂತಿ ನೀರಿನಿಂದ 1 ಮೀಟರ್ ಮೇಲಿದೆ, ಇವೆರಡೂ ಲೆಕ್ಕಕ್ಕೇ ಬರಲಿಲ್ಲ. ಒಟ್ಟು 10 ಮೀಟರಿಗೆ ಬೇಕಿದ್ದದ್ದು 50. ಬೆಳಗಿನ ಜಾವ ಸುಮಾತ್ರಾ ಕಡೆಯಿಂದ ಬಿರುಗಾಳಿ ಬಂತು. ಅಲ್ಲಿನವರು ಅದನ್ನು ಸುಮ್ನೆ 'ಸುಮಾತ್ರಾ' ಅಂತಲೇ ಕರೆಯುತ್ತಾರೆ. ಲಂಗರು ಕಿತ್ತು ದೋಣಿ ಹಿಂದಕ್ಕೆ ಜಾರಿತು. ಹಿಂದಿನ ದೋಣಿಯಲ್ಲಿದ್ದ ಮುದುಕ ಟಾರ್ಚು ಹಿಡಿದು ನಮ್ಮ ಕಡೆ ಏನೋ ಕೂಗುತ್ತಿದ್ದ. ನಾನು ಚಡ್ಡಿಯಲ್ಲೇ ಮುಂದಕ್ಕೆ ಓಡಿದೆ. ಇಂಜಿನ್ ಶುರು ಮಾಡಿ ಚುಕ್ಕಾಣಿ ಹಿಡಿದವಳು ನನ್ನ ಹೆಂಡತಿ. ನಾನಾಗಿದ್ದರೆ ಗುದ್ದಿಸುತ್ತಿದ್ದೆ.

ಹಳೇ ಲೆಕ್ಕಿಗ:
ಎಲ್ಲಾ ಸರಿ ಅಣ್ಣಾ, ದುಡ್ಡಿನ ಮಾತೇ ಇಲ್ಲವಲ್ಲ? ಇದಕ್ಕಿಂತ ಶ್ರೀರಂಗಪಟ್ಟಣದ ಹತ್ತಿರ ಒಂದು ತೋಟ ಮಾಡಿಕೊಂಡು ಆರಾಮಾಗಿ ಇರಬಹುದು.

ನಾಲೆಯಲ್ಲಿ ಈಜು ಕಲಿತವನು:
ತೋಟದಲ್ಲಿ ಯಾರಿಗೆ ಆರಾಮ ಇದೆ ಹೇಳಿ! ರಿಸರ್ವ್ ಬ್ಯಾಂಕ್ ನಿಯಮದ ಪ್ರಕಾರ ಒಬ್ಬರು ವರ್ಷಕ್ಕೆ ಎರಡೂವರೆ ಲಕ್ಷ ಡಾಲರ್‌ವರೆಗೆ ಹೊರಗೆ ಕಳಿಸಬಹುದು, ಹಳೇ ದೋಣಿಗೆ ಅಷ್ಟೆಲ್ಲ ಬೇಕಾಗಲ್ಲ. ಕೊಂಡ ಬೆಲೆಯ ಹತ್ತನೇ ಒಂದು ಭಾಗ ಪ್ರತಿ ವರ್ಷ ರಿಪೇರಿಗೆ ಅಂತ ಎತ್ತಿಡಿ. ನಮಗೆ ಒಂದು ವರ್ಷ ಅದೂ ಸಾಲಲಿಲ್ಲ, ಹಾಯಿಯೇ ಹರಿಯಿತು.

ನಾಲೆಯವರ ಮನೆಯವಳು:
ಇವರು ಬರೆದದ್ದು ಓದಿದೆ. ಚಡ್ಡಿಯ ವಿಷಯ ಬೇಡವಾಗಿತ್ತು.

ಕುವೆಂಪುನಗರದ ಅಕ್ಕ ಇದನ್ನು ಓದಲಿ ಅಂತ ಬರೆಯುತ್ತಿದ್ದೇನೆ. ಅಕ್ಕಾ, ಹೋಗೋದಾದರೆ ಹಾಯಿದೋಣಿ ನಡೆಸುವ ಕೋರ್ಸನ್ನು ನೀವೂ ಮಾಡಿ. ಲಂಕಾವಿ, ಫುಕೆಟ್ ಎರಡೂ ಕಡೆ ಕಲಿಸುತ್ತಾರೆ. ಅಡಿಗೆಗೆ ಮಾತ್ರ ಅಂತ ಹೋಗಬೇಡಿ. ಇವರು ನೀರಿಗೆ ಬಿದ್ದರೆ ದೋಣಿ ತಿರುಗಿಸಿ ಎತ್ತಬೇಕಾದವರು ನೀವೇ, ಬೇರೆ ಯಾರಿದ್ದಾರೆ?

ಅಡಿಗೆ ಅಂದೆನಲ್ಲ, ದೋಣಿಯ ಒಲೆ ತೊಟ್ಟಿಲ ಥರ ತೂಗುತ್ತೆ. ದೋಣಿ ವಾಲಿದರೂ ಪಾತ್ರೆ ನೆಟ್ಟಗಿರಲಿ ಅಂತ. ಸಾರಿಗೆ, ಅನ್ನಕ್ಕೆ ಸರಿ. ಮುದ್ದೆಗೆ? ಹಿಟ್ಟಿನ ಕೋಲು ಹಾಕಿ ಒತ್ತಿ ತಿರುವಿದೆ ನೋಡಿ, ಒಲೆಯೇ ಹಿಂದಕ್ಕೆ ಓಡಿತು. ಅರ್ಧ ಹಿಟ್ಟು ನೆಲಕ್ಕೆ. ಈಗ ಒಲೆಯ ಚಿಲಕ ಹಾಕಿ, ಪಾತ್ರೆಯನ್ನು ಕಟ್ಟೆ ಮೇಲಿಟ್ಟು, ಇವರ ಕೈಲಿ ಹಿಡಿಸಿಕೊಂಡು ತಿರುವುತ್ತೇನೆ. ಅದೂ ಲಂಗರು ಹಾಕಿದ ಮೇಲೆ ಮಾತ್ರ.

ಇನ್ನೊಂದು. ಲಂಗರು ಹಾಕುವಾಗ ಇವರು ಮುಂದೆ, ನಾನು ಹಿಂದೆ. ಇಂಜಿನ್ ಸದ್ದು, ಗಾಳಿ, ಒಬ್ಬರ ಮಾತು ಒಬ್ಬರಿಗೆ ಕೇಳಲ್ಲ. ಕಿರುಚಿಕೊಂಡೇ ಒಂದು ವರ್ಷ ಕಳೆದೆವು, ಸುತ್ತಲಿನ ದೋಣಿಯವರಿಗೆಲ್ಲ ಕನ್ನಡದ ಬೈಗುಳ ಬಂದುಬಿಟ್ಟಿರಬೇಕು. ಈಗ ಕೈಸನ್ನೆ. ಮುಷ್ಟಿ ಅಂದರೆ ನಿಲ್ಲಿಸು. ಇದನ್ನು ಮನೆಯಲ್ಲೇ ಅಭ್ಯಾಸ ಮಾಡಿಕೊಳ್ಳಿ.

ಕುವೆಂಪುನಗರದವ:
ಹೆಂಡತಿಗೆ ಓದಿಸಿದೆ ಮೇಡಂ. ಮುದ್ದೆಯ ಕತೆಗೆ ಜೋರಾಗಿ ನಕ್ಕಳು. ಕೋರ್ಸಿಗೆ ಬರುತ್ತಾಳಂತೆ, ದೋಣಿ ಕೊಳ್ಳುವ ಮಾತು ಆಮೇಲೆ ಅಂದಿದ್ದಾಳೆ. ಊಟದ ಹೊತ್ತಿಗೆ ನಾನು ಏನೋ ಹೇಳಲು ಹೋದರೆ ಆಗಲೇ ಮುಷ್ಟಿ ತೋರಿಸಿದಳು. ವಾಂತಿಗೆ ಏನು ಮಾಡೋದು?

ನಾಲೆಯಲ್ಲಿ ಈಜು ಕಲಿತವನು:
ಡಾಕ್ಟರನ್ನು ಕೇಳಿ ಮಾತ್ರೆ ಬರೆಸಿಕೊಳ್ಳಿ. ಹೊರಡೋಕೆ ಮುಂಚೆಯೇ ನುಂಗಬೇಕು, ಶುರುವಾದ ಮೇಲೆ ಹೊಟ್ಟೆಯಲ್ಲಿ ನಿಲ್ಲಲ್ಲ. ಒಳಗೆ ಹೋಗಿ ಮಲಗಬೇಡಿ, ಮೇಲೆ ಕೂತು ದೂರದ ದಡ ನೋಡುತ್ತಾ ಇರಿ. ಅದಕ್ಕಿಂತ ಚುಕ್ಕಾಣಿ ಹಿಡಿದರೆ ಇನ್ನೂ ಒಳ್ಳೆಯದು, ಅವರು ಬಿಟ್ಟುಕೊಟ್ಟರೆ.