ಕಲಬುರಗಿ ಬಿಸಿಲಲ್ಲಿ ಹಳದಿ ಟೈಗರ್ ಮಾತ್: ಬಣ್ಣ ಹೊಡೆದವರು ಅನುಭವ ಹೇಳಿ

ಪ್ರಶ್ನೆ (ಕಲಬುರಗಿ, ಬ್ಯಾಂಕ್ ನೌಕರ)

ನಾನು, ನನ್ನ ಮಗಳು ಸೇರಿ ಟೈಗರ್ ಮಾತ್ ವಿಮಾನದ (ಒಂದರ ಮೇಲೊಂದು ಎರಡು ರೆಕ್ಕೆ ಇರುವ ಹಳೆಯ ತರಬೇತಿ ವಿಮಾನ) ಮಾದರಿ ಮಾಡಿದ್ದೇವೆ. ಕಿಟ್ ಅಲ್ಲ, ಪೂರ್ತಿ ಕೈಕೆಲಸ. ಬಾಲ್ಸಾ ಅನ್ನುವ ಹಗುರ ಮರ, ಐಸ್‌ಕ್ರೀಂ ಕಡ್ಡಿ, ಡ್ರಾಯಿಂಗ್ ಶೀಟು, ಇಷ್ಟೇ. 24ಕ್ಕೆ 1ರ ಅಳತೆ. ನಿಜವಾದ ವಿಮಾನದ ರೆಕ್ಕೆ ತುದಿಯಿಂದ ತುದಿಗೆ 8.94 ಮೀಟರ್, ನಮ್ಮದು 37 ಸೆಂಟಿಮೀಟರ್ ಚಿಲ್ಲರೆ. ಹಾರಿಸುವುದಕ್ಕಲ್ಲ, ಶೋಕೇಸಿಗೆ. ಮೇಲಿನ ರೆಕ್ಕೆ ಇನ್ನೂ ಅಂಟಿಸಿಲ್ಲ.

ಕಳೆದ ಭಾನುವಾರ ಮಧ್ಯಾಹ್ನ ಮಾಳಿಗೆ ಮೇಲೆ ನಿಂತು ಕೆಳರೆಕ್ಕೆಗೆ ಸ್ಪ್ರೇ ಡಬ್ಬಿಯಿಂದ ಹಳದಿ ಹೊಡೆದೆ. ಮುಟ್ಟಿದರೆ ಉಪ್ಪಿಟ್ಟಿನ ರವೆ ಹಾಗಿದೆ. ಒಂದು ಕಡೆ ದಟ್ಟ, ಒಂದು ಕಡೆ ಕೆಳಗಿನ ಮರ ಕಾಣುತ್ತಿದೆ. ವಾಯುಪಡೆಯ ಗುರುತಿನ ಚಕ್ರಗಳನ್ನು (ಒಂದರೊಳಗೊಂದು ಇರುವ ಬಣ್ಣದ ವೃತ್ತಗಳು) ಕಾಗದದ ಮೇಲೆ ಪ್ರಿಂಟ್ ತೆಗೆದು ಅಂಟಿಸಿದೆ, ಅಂಚು ಎದ್ದು ನಿಂತಿದೆ. ನನ್ನ ಪ್ಲಾನ್ ಹೀಗಿತ್ತು: ಮೇಲೆ ಹಸಿರು-ಕಂದು ಕ್ಯಾಮೊಫ್ಲಾಜ್, ಅಡಿಗೆ ಹಳದಿ, ಮಗಳ ಹಟಕ್ಕೆ ನಮ್ಮ ತ್ರಿವರ್ಣದ ಚಕ್ರ. ಎಲ್ಲಿ ತಪ್ಪಿದೆ, ಮುಂದೆ ಏನು ಮಾಡಲಿ, ತಿಳಿದವರು ಹೇಳಿ.

ಕಲಬುರಗಿ, ಗಾಡಿ ಪೇಂಟಿಂಗ್ ಮಾಡುವವನು

ಸರ್, ತಪ್ಪು ನಿಮ್ಮದಲ್ಲ, ಹೊತ್ತಿನದು. ನಮ್ಮೂರಲ್ಲಿ ಏಪ್ರಿಲ್, ಮೇನಲ್ಲಿ ಬಿಸಿಲು 40 ದಾಟುತ್ತದೆ. ಡಬ್ಬಿಯಿಂದ ಹೊರಟ ಬಣ್ಣದ ಹನಿ ಗಾಳಿಯಲ್ಲೇ ಅರ್ಧ ಒಣಗುತ್ತದೆ. ರೆಕ್ಕೆಗೆ ತಲುಪುವಾಗ ಅದು ಹನಿಯಲ್ಲ, ಪುಡಿ. ಅದಕ್ಕೇ ರವೆ ರವೆ. ಬೈಕಿನ ಟ್ಯಾಂಕಿಗೂ ಹೀಗೇ ಆಗುತ್ತದೆ. ನಾವು ಬೇಸಿಗೆಯಲ್ಲಿ ಬೆಳಗ್ಗೆ ಆರರಿಂದ ಎಂಟರೊಳಗೆ ಕೈ ಮುಗಿಸುತ್ತೇವೆ. ಶೆಡ್ಡಿನ ನೆಲಕ್ಕೆ ಸ್ವಲ್ಪ ನೀರು ಚಿಮುಕಿಸಿದರೆ ಧೂಳು ಏಳುವುದಿಲ್ಲ. ಫ್ಯಾನ್ ಆಫ್. ಡಬ್ಬಿಯನ್ನು ಒಂದು ಗೇಣು ದೂರದಲ್ಲಿ ಹಿಡಿಯಿರಿ, ಮಾರು ದೂರದಿಂದ ಹೊಡೆಯಬೇಡಿ. ಡಬ್ಬಿಯನ್ನು ಬಿಸಿಲಲ್ಲಂತೂ ಇಡಲೇಬೇಡಿ, ಸಿಡಿಯುತ್ತದೆ.

ಈಗ ಆಗಿರುವುದನ್ನು ಕಿತ್ತು ಹಾಕಬೇಕಿಲ್ಲ. ಎರಡು ದಿನ ಬಿಟ್ಟು 600 ನಂಬರಿನ ವಾಟರ್ ಪೇಪರ್ ತೆಗೆದುಕೊಂಡು ಮೆಲ್ಲಗೆ ತಿಕ್ಕಿ. ಒಳಗೆ ಬಾಲ್ಸಾ ಇರುವುದರಿಂದ ನೀರು ಹಾಕಬೇಡಿ, ಒಣಗಿದ್ದೇ ತಿಕ್ಕಿ. ಒಂದು ಶಹಾಬಾದ್ ಫರಸಿ ತುಂಡಿನ ಮೇಲೆ ಪೇಪರ್ ಹಾಸಿ, ಅದರ ಮೇಲೆ ರೆಕ್ಕೆ ಆಡಿಸಿದರೆ ಸಪಾಟಾಗುತ್ತದೆ.

ಇನ್ನೊಂದು ಮಾತು. ಮನೆಯಲ್ಲಿ ಬಾಗಿಲಿಗೆ ಹೊಡೆದು ಉಳಿದ ಎನಾಮಲ್ ಇದೆ ಅಂತ ಅದನ್ನು ಕೆಳಗೆ ಹೊಡೆದು, ಮೇಲೆ ಎನ್‌ಸಿ (ನೈಟ್ರೋಸೆಲ್ಯುಲೋಸ್) ಲ್ಯಾಕರ್ ಹೊಡೆಯಬೇಡಿ. ಎನ್‌ಸಿ ಥಿನ್ನರ್ ತಾಕಿದ ಕೂಡಲೇ ಎನಾಮಲ್ ಹಾಲಿನ ಕೆನೆ ಹಾಗೆ ಸುರುಟುತ್ತದೆ. ಉಲ್ಟಾ ಮಾಡಿದರೆ ತೊಂದರೆ ಇಲ್ಲ. ನಾನು ಕೆಲಸ ಕಲಿಯುವಾಗ ಇದೇ ತಪ್ಪಿಗೆ ಉಸ್ತಾದರ ಕೈಯಲ್ಲಿ ಬೈಸಿಕೊಂಡಿದ್ದೇನೆ.

ಬೀದರ್, ಇಪ್ಪತ್ತು ವರ್ಷದಿಂದ ಮಾದರಿ ಮಾಡುತ್ತಿರುವವನು

ಪೇಂಟರ್ ಅಣ್ಣ ಹೇಳಿದ್ದು ಸರಿ. ನಾನು ಮರದ ವಿಷಯ ಸೇರಿಸುತ್ತೇನೆ. ಬಾಲ್ಸಾ ಬಣ್ಣವನ್ನು ಕುಡಿಯುತ್ತದೆ. ಅದಕ್ಕೆ ನಿಮಗೆ ಒಂದು ಕಡೆ ದಟ್ಟ, ಒಂದು ಕಡೆ ತೆಳು ಕಂಡಿದೆ. ಎನ್‌ಸಿ ಕ್ಲಿಯರ್‌ಗೆ (ಬಣ್ಣವಿಲ್ಲದ ಲ್ಯಾಕರ್) ಮಗುವಿನ ಟಾಲ್ಕಂ ಪೌಡರ್ ಕಲಸಿ, ತೆಳು ಗಂಜಿಯ ಹದ ಮಾಡಿ ಬ್ರಶ್ಶಿನಿಂದ ಬಳಿಯಿರಿ. ಒಣಗಿದ ಮೇಲೆ ತಿಕ್ಕಿ. ಮೂರು ಸಲ ಮಾಡಿದರೆ ಮರದ ಗೆರೆ ಕಾಣುವುದಿಲ್ಲ.

ಹಳದಿ ಬಹಳ ಬಡ ಬಣ್ಣ, ಕೆಳಗಿನದ್ದನ್ನು ಮುಚ್ಚುವ ಶಕ್ತಿ ಅದಕ್ಕಿಲ್ಲ. ಬೂದು ಪ್ರೈಮರ್ ಮೇಲೆ ಹೊಡೆದರೆ ಹಸಿರು ತಿರುಗಿ ಕೊಳೆತ ನಿಂಬೆಯ ಹಾಗೆ ಕಾಣುತ್ತದೆ. ಬಿಳಿ ಪ್ರೈಮರ್ ಹೊಡೆಯಿರಿ. ಅದರ ಮೇಲೆ ಹಳದಿಯ ನಾಲ್ಕು ತೆಳು ಕೋಟ್. ಒಂದೇ ಸಲ ದಪ್ಪ ಹೊಡೆಯುವ ಆಸೆ ಬೇಡ, ಅಂಚಿನಲ್ಲಿ ಇಳಿಯುತ್ತದೆ. ಆಟೋದ ಹಳದಿಯನ್ನು ಇದ್ದ ಹಾಗೇ ಹೊಡೆದರೆ ಇಷ್ಟು ಚಿಕ್ಕ ವಿಮಾನದ ಮೇಲೆ ಕಣ್ಣಿಗೆ ಹೊಡೆಯುತ್ತದೆ. ಒಂದು ಚಿಟಿಕೆ ಬಿಳಿ ಸೇರಿಸಿ. ಡಬ್ಬಿಯ ಬಣ್ಣಕ್ಕೆ ಸೇರಿಸಲು ಆಗುವುದಿಲ್ಲ, ನಿಜ. ಅದಕ್ಕೇ ನಾನು ಡಬ್ಬಿ ಬಿಟ್ಟು ಚಿಕ್ಕ ಏರ್‌ಬ್ರಶ್ ಕೊಂಡೆ.

ಮೇಲಿನ ರೆಕ್ಕೆ ಅಂಟಿಸಿಲ್ಲ ಅಂದಿರಲ್ಲ, ಬಚಾವಾದಿರಿ! ಅಂಟಿಸಲೇಬೇಡಿ. ನನ್ನ ಮೊದಲ ಬೈಪ್ಲೇನ್ ಪೂರ್ತಿ ಜೋಡಿಸಿ ಆಮೇಲೆ ಬಣ್ಣಕ್ಕೆ ಕೂತೆ. ಎರಡು ರೆಕ್ಕೆಗಳ ನಡುವೆ ಬ್ರಶ್ಶೂ ಹೋಗಲಿಲ್ಲ, ಸ್ಪ್ರೇಯೂ ಹೋಗಲಿಲ್ಲ. ಎರಡು ರೆಕ್ಕೆ ಜೋಡಿಸುವ ಕಂಬಗಳ ಬುಡದಲ್ಲಿ ಬಿಳಿ ಇವತ್ತಿಗೂ ಇಣುಕುತ್ತಿದೆ. ಈಗ ಹೀಗೆ ಮಾಡುತ್ತೇನೆ. ಮೊದಲು ಬಣ್ಣ ಇಲ್ಲದೆಯೇ ಕಂಬಗಳನ್ನೆಲ್ಲ ಒಮ್ಮೆ ಕೂರಿಸಿ ನೋಡುತ್ತೇನೆ. ಯಾವುದು ಯಾವ ತೂತಿಗೆ ಅಂತ ನಂಬರ್ ಬರೆದುಕೊಳ್ಳುತ್ತೇನೆ. ಆಮೇಲೆ ಬಿಚ್ಚಿ, ಕಾಕ್‌ಪಿಟ್ ಒಳಭಾಗ, ಒಡಲು ಮತ್ತು ಕೆಳರೆಕ್ಕೆ, ಮೇಲಿನ ರೆಕ್ಕೆ, ಕಂಬಗಳು ಎಲ್ಲಕ್ಕೂ ಬೇರೆ ಬೇರೆಯಾಗಿಯೇ ಬಣ್ಣ ಹೊಡೆಯುತ್ತೇನೆ. ತೂತುಗಳಲ್ಲಿ ಟೂತ್‌ಪಿಕ್ ಚುಚ್ಚಿಡಿ. ಹಿಡಿದುಕೊಳ್ಳಲು ಹಿಡಿಯೂ ಆಯಿತು, ತೂತಿನೊಳಗೆ ಬಣ್ಣ ಹೋಗದ ಹಾಗೆ ಬೂಚೂ ಆಯಿತು. ಬಣ್ಣದ ಮೇಲೆ ಅಂಟು ಹಚ್ಚಿದರೆ ನಾಳೆ ಬಣ್ಣದ ಸಮೇತ ಕಿತ್ತು ಬರುತ್ತದೆ. ಚಕ್ರ, ನಂಬರ್ ಎಲ್ಲ ಹಾಕಿ ಆದ ಮೇಲೆಯೇ ಮೇಲಿನ ರೆಕ್ಕೆ ಕೂರಲಿ.

ಬಟ್ಟೆ ಹೊದಿಸಿದ ಹಾಗೆ ಕಾಣಿಸಬೇಕೆಂದು ರೆಕ್ಕೆಯ ಪಕ್ಕೆಲುಬುಗಳ (ಒಳಗಿನ ಅಡ್ಡಪಟ್ಟಿಗಳ) ನಡುವೆ ಜಾಸ್ತಿ ತಗ್ಗು ಮಾಡುವವರಿದ್ದಾರೆ. ಲೆಕ್ಕ ಹಾಕಿ: ನಿಮ್ಮ ಮಾದರಿಯಲ್ಲಿ 2 ಮಿ.ಮೀ. ತಗ್ಗು ಅಂದರೆ ನಿಜವಾದ ವಿಮಾನದಲ್ಲಿ 48 ಮಿ.ಮೀ. ಬಟ್ಟೆ ಅಷ್ಟು ಜೋಲುವುದಿಲ್ಲ, ಡೋಪ್ ಅನ್ನುವ ಲ್ಯಾಕರ್ ಬಳಿದು ಅದನ್ನು ಡೋಲಿನ ಚರ್ಮದ ಹಾಗೆ ಬಿಗಿ ಮಾಡಿರುತ್ತಾರೆ. ಪಕ್ಕೆಲುಬು ಇದ್ದ ಕಡೆ 2 ಮಿ.ಮೀ. ಅಗಲದ ತೆಳು ಟಿಶ್ಯೂ ಪಟ್ಟಿ ಅಂಟಿಸಿ ಬಣ್ಣ ಹೊಡೆದರೆ ಸಾಕು.

ಬೀದರ್, ಇತಿಹಾಸದ ಮೇಷ್ಟ್ರು

ನಿಮ್ಮ ಪ್ಲಾನಿನಲ್ಲಿ ಎರಡು ಕಾಲ ಕೂಡಿಕೊಂಡಿವೆ. ಬಣ್ಣಕ್ಕೆ ಮುಂಚೆ ವಿಮಾನ ಯಾವ ವರ್ಷದ್ದು ಅಂತ ತೀರ್ಮಾನ ಮಾಡಿ, ಉಳಿದದ್ದು ತಾನಾಗಿ ಬರುತ್ತದೆ.

ನಮ್ಮ ವಾಯುಪಡೆ ಶುರುವಾದದ್ದು 1932ರ ಅಕ್ಟೋಬರ್ 8ಕ್ಕೆ. ಮೊದಲ ಸ್ಕ್ವಾಡ್ರನ್ 1933ರ ಏಪ್ರಿಲ್ 1ರಂದು ಕರಾಚಿಯ ಡ್ರಿಗ್ ರೋಡಿನಲ್ಲಿ ನಾಲ್ಕು ವಾಪಿಟಿ ವಿಮಾನಗಳೊಂದಿಗೆ ಶುರುವಾಯಿತು. ಅವೂ ಬೈಪ್ಲೇನುಗಳೇ. ಆಗ ಗುರುತು ಬ್ರಿಟಿಷರದ್ದೇ: ಹೊರಗೆ ನೀಲಿ, ನಡುವೆ ಬಿಳಿ, ಒಳಗೆ ಕೆಂಪು. ಎರಡನೇ ಮಹಾಯುದ್ಧದಲ್ಲಿ ಜಪಾನಿನ ವಿಮಾನದ ಮೇಲೆ ಕೆಂಪು ಸೂರ್ಯ ಇತ್ತಲ್ಲ, ಗೊಂದಲ ಬೇಡವೆಂದು ನಮ್ಮ ಕಡೆಯ ವಿಮಾನಗಳಿಂದ ಕೆಂಪನ್ನು ತೆಗೆದರು. ಕಡುನೀಲಿಯೊಳಗೆ ತಿಳಿನೀಲಿ ಉಳಿಯಿತು. ಸ್ವಾತಂತ್ರ್ಯ ಬಂದ ಮೇಲೆ ಸ್ವಲ್ಪ ಕಾಲ ಬಿಳಿಯ ಮೇಲೆ ನೀಲಿ ಅಶೋಕ ಚಕ್ರ. ಅದರ ನಂತರ ಈಗಿನದು: ಒಳಗೆ ಕೇಸರಿ, ನಡುವೆ ಬಿಳಿ, ಹೊರಗೆ ಹಸಿರು. ಹಸಿರು ಒಳಗೆ ಬಂದು ಕೇಸರಿ ಹೊರಗೆ ಹೋದ ಎಷ್ಟು ಮಾದರಿಗಳನ್ನು ನೋಡಿದ್ದೇನೋ!

ಮೇಲೆ ಹಸಿರು-ಕಂದು, ಅಡಿಗೆ ಹಳದಿ ಅನ್ನುವುದು ಯುದ್ಧಕಾಲದ ತರಬೇತಿ ವಿಮಾನದ ವೇಷ. ಅದರ ಮೇಲೆ ತ್ರಿವರ್ಣ ಕೂರುವುದಿಲ್ಲ. ಮಗಳಿಗೆ ತ್ರಿವರ್ಣವೇ ಬೇಕೆಂದರೆ ಕ್ಯಾಮೊಫ್ಲಾಜ್ ಬಿಡಿ, ಪೂರ್ತಿ ಹಳದಿ ಮಾಡಿ. ವಾಯುಪಡೆ ರಿಪೇರಿ ಮಾಡಿಸಿ 2012ರಲ್ಲಿ ಮತ್ತೆ ಹಾರಿಸಿದ ಟೈಗರ್ ಮಾತ್ ಒಂದಿದೆ, ನಂಬರ್ ಎಚ್‌ಯು 512. ಅದರ ಬಣ್ಣದ ಫೋಟೋಗಳನ್ನು ಮುಂದಿಟ್ಟುಕೊಳ್ಳಿ. ಚಕ್ರದ ಅಳತೆ ಎಲ್ಲೂ ಸಿಗದಿದ್ದರೆ, ಫೋಟೋದಲ್ಲಿ ರೆಕ್ಕೆಯ ಅಗಲಕ್ಕೂ ಚಕ್ರದ ಅಗಲಕ್ಕೂ ಇರುವ ಪ್ರಮಾಣ ಅಳೆದು ನಿಮ್ಮ ರೆಕ್ಕೆಗೆ ಇಳಿಸಿ.

ಕಪ್ಪು-ಬಿಳುಪು ಫೋಟೋ ನೋಡಿ ಬಣ್ಣ ಊಹಿಸಬೇಡಿ. ಹಳೆಯ ಕೆಲವು ಫಿಲ್ಮುಗಳಿಗೆ ಕೆಂಪು ಕಾಣುತ್ತಲೇ ಇರಲಿಲ್ಲ. ಅದರಲ್ಲಿ ಕೆಂಪು, ಹಳದಿ ಕಪ್ಪಗೆ ಬರುತ್ತವೆ, ನೀಲಿ ಬೆಳ್ಳಗೆ ಬರುತ್ತದೆ. ಅಂಥ ಫೋಟೋ ನಂಬಿ ನಾನೊಮ್ಮೆ ಹಳದಿ ವಿಮಾನಕ್ಕೆ ಕಡು ಹಸಿರು ಬಳಿದಿದ್ದೇನೆ. ನಮ್ಮೂರಲ್ಲಿ 1996ರಲ್ಲಿ ಹುಟ್ಟಿದ ಸೂರ್ಯಕಿರಣ ತಂಡದ ಕೆಂಪು-ಬಿಳಿ ತಲೆ ಮೇಲೇ ಹಾರುತ್ತಿರುತ್ತದೆ. ಅದಕ್ಕಾದರೆ ಊಹೆಯೇ ಬೇಕಿಲ್ಲ.

ಯಾದಗಿರಿ, ರೇಡಿಯಂ ಸ್ಟಿಕರ್ ಅಂಗಡಿ

ನಂಬರ್ ಪ್ಲೇಟ್, ಟ್ರ್ಯಾಕ್ಟರ್ ಟ್ರಾಲಿ ಮೇಲಿನ ದೇವರ ಹೆಸರು, ಇದೇ ನನ್ನ ಕಸುಬು. ವಿಮಾನದ ಚಕ್ರ ಒಂದೇ ಸಲ ಮಾಡಿದ್ದು, ಕಾಲೇಜು ಹುಡುಗ ಒಬ್ಬ ಬಂದಿದ್ದ. ಸ್ಟಿಕರನ್ನೇ ಅಂಟಿಸಿದರೆ ನಿಮ್ಮ ಕಾಗದದ ಹಾಗೆಯೇ ದಪ್ಪ ಕಾಣುತ್ತದೆ. ಅದಕ್ಕೆ ಸ್ಟಿಕರ್ ಶೀಟಿನಲ್ಲಿ ಅಚ್ಚು ಕತ್ತರಿಸಿಕೊಳ್ಳಿ, ಬಣ್ಣ ಸ್ಪ್ರೇಯಿಂದಲೇ ಬರಲಿ. ನಿಮ್ಮೂರಲ್ಲೂ ಕಟಿಂಗ್ ಮಷೀನ್ ಇರುವ ಅಂಗಡಿಗಳಿವೆ. ಅಳತೆ ಮಿಲಿಮೀಟರಿನಲ್ಲಿ ಬರೆದು ಕೊಡಿ, ಆರೇಳು ಸೆಟ್ ಜಾಸ್ತಿ ಮಾಡಿಸಿಕೊಳ್ಳಿ.

ಒಂದು ಚಕ್ರಕ್ಕೆ ಮೂರು ತುಂಡು ಬರುತ್ತವೆ: ನಡುವಿನ ಬಿಲ್ಲೆ, ಅದರ ಸುತ್ತ ಬಳೆ, ಅದರ ಹೊರಗಿನ ಬಳೆ. ಇವುಗಳ ಸುತ್ತ ಉಳಿಯುವ ಶೀಟು ನಾಲ್ಕನೆಯದು. ಮೊದಲು ಆ ಸುತ್ತಿನ ಶೀಟು ಅಂಟಿಸಿ ಇಡೀ ವೃತ್ತಕ್ಕೆ ಬಿಳಿ ಹೊಡೆಯಿರಿ. ಒಣಗಿದ ಮೇಲೆ ಬಿಲ್ಲೆಯನ್ನೂ ಒಳಬಳೆಯನ್ನೂ ಕೂರಿಸಿ ಹಸಿರು ಹೊಡೆಯಿರಿ. ಹಸಿರು ಚೆನ್ನಾಗಿ ಒಣಗಲಿ. ಅದರ ಮೇಲೆ ಹೊರಬಳೆ ಮುಚ್ಚಿ, ನಡುವಿನ ಬಿಲ್ಲೆ ಎತ್ತಿ ಕೇಸರಿ ಹೊಡೆಯಿರಿ. ಅಷ್ಟೇ.

ಆ ಹುಡುಗ ಮೊದಲನೇ ಸಲ ಅಂಟಿಸಿ ಎತ್ತಿದಾಗ ಹಳದಿಯೂ ಜೊತೆಗೇ ಬಂತು. ರೇಡಿಯಂ ಅಂಟು ಬಹಳ ಜೋರು. ಅಂಟಿಸುವ ಮುಂಚೆ ಶೀಟನ್ನು ಪ್ಯಾಂಟಿಗೆ ಎರಡು ಸಲ ಒತ್ತಿ ತೆಗೆಯಿರಿ, ಅಂಟು ಸಾಯುತ್ತದೆ. ಬಣ್ಣ ಅಂಚಿನಡಿ ನುಗ್ಗಬಾರದು ಅಂದರೆ, ಶೀಟು ಅಂಟಿಸಿದ ಮೇಲೆ ಮೊದಲು ಹಳದಿಯನ್ನೇ ತೆಳ್ಳಗೆ ಒಮ್ಮೆ ಊದಿ. ನುಗ್ಗುವುದಿದ್ದರೆ ಹಳದಿ ನುಗ್ಗಲಿ, ಯಾರಿಗೆ ಗೊತ್ತಾಗುತ್ತದೆ? ಆಮೇಲೆ ಬಿಳಿ. ಬಿಸಿಲಲ್ಲಿ ಶೀಟು ಬಿಟ್ಟು ಊಟಕ್ಕೆ ಹೋಗಬೇಡಿ. ಅಂಟು ಕರಗಿ ಅಲ್ಲೇ ಉಳಿಯುತ್ತದೆ. ಎತ್ತುವಾಗ ಮೇಲಕ್ಕೆ ಜಗ್ಗದೆ, ಹಿಂದಕ್ಕೆ ಮಡಚಿ ನಿಧಾನ ಎಳೆಯಿರಿ.

ಬೀದರ್, ಬಿದ್ರಿ ಕೆಲಸದ ಮನೆಯವಳು

ಚಕ್ರಕ್ಕೆ ಇಷ್ಟೆಲ್ಲಾ ಮಷೀನ್ ಬೇಕೇ ಅಂತ ನನಗೆ ಅನಿಸುತ್ತದೆ. ಬಿದ್ರಿ ಹೂದಾನಿಯ ಮೇಲೆ ಅಪ್ಪ ಕಂಪಾಸಿನಲ್ಲೇ ಸುತ್ತು ಎಳೆಯುತ್ತಾರೆ. ಮೊದಲು ತುತ್ತದ ನೀರು ಬಳಿದು ಲೋಹವನ್ನು ಕಪ್ಪು ಮಾಡುತ್ತಾರೆ, ಗೀರಿದ ಗೆರೆ ಎದ್ದು ಕಾಣಲಿ ಅಂತ. ಬೆಳ್ಳಿ ಕೂರಿಸಿದ ಮೇಲೆ ಅದನ್ನು ತಿಕ್ಕಿ ತೆಗೆದು, ಕೋಟೆಯ ಮಣ್ಣು, ನವಸಾಗರ ಹಾಕಿ ಮತ್ತೆ ಕಪ್ಪು ಮಾಡುವುದು ಕಡೆಗೆ.

ಡ್ರಾಫ್ಟ್ಸ್‌ಮನ್‌ಗಳು ಇಂಕಿನ ಗೆರೆಗೆ ಬಳಸುತ್ತಿದ್ದ ರೂಲಿಂಗ್ ಪೆನ್ ಹಳೆಯ ಕಂಪಾಸ್ ಬಾಕ್ಸಿನಲ್ಲಿ ಇರುತ್ತದೆ. ಅದನ್ನು ಕಂಪಾಸಿಗೆ ಸಿಕ್ಕಿಸಿ, ಎರಡು ಎಸಳಿನ ನಡುವೆ ತೆಳುವಾದ ಬಣ್ಣ ತುಂಬಿ ಅಂಚಿನ ವೃತ್ತ ಎಳೆಯಿರಿ, ಒಳಗೆ ಬ್ರಶ್ಶಿನಿಂದ ತುಂಬಿಸಿ. ಸೂಜಿ ಚುಚ್ಚಿ ರೆಕ್ಕೆ ತೂತಾಗದಂತೆ ನಡುವೆ ಟೇಪಿನ ಚೂರು ಇಡಿ. ನನ್ನ ತಮ್ಮನ ವಿಮಾನಕ್ಕೆ ನಾನೇ ಹಾಕಿಕೊಟ್ಟೆ. ಸ್ಪ್ರೇಯಷ್ಟು ನುಣುಪಿಲ್ಲ, ಒಪ್ಪುತ್ತೇನೆ. ಆದರೆ ನಿಜವಾದ ವಿಮಾನಕ್ಕೂ ಯಾರೋ ಕೈಯಲ್ಲೇ ಬರೆದಿರುತ್ತಾರೆ ಅಲ್ವಾ?

ಬೀದರ್, ಮಾದರಿ ಮಾಡುವವನು, ಮತ್ತೆ

ಅಕ್ಕ ಹೇಳಿದ್ದು ದೊಡ್ಡ ಚಕ್ರಕ್ಕೆ ಚೆಂದ. ನಂಬರಿಗೆ ಮಾತ್ರ ನಾನು ಡೀಕಾಲ್ ಬಳಸುತ್ತೇನೆ, ನೀರಲ್ಲಿ ನೆನೆಸಿ ಜಾರಿಸುವುದು. ಕಪ್ಪು ಅಕ್ಷರಕ್ಕೆ ಅದು ಸಲೀಸು. ತ್ರಿವರ್ಣಕ್ಕೆ ಬೇಡ. ಮನೆಯ ಪ್ರಿಂಟರಿನಲ್ಲಿ ಬಿಳಿ ಇಂಕೇ ಇರುವುದಿಲ್ಲ. ಪಾರದರ್ಶಕ ಹಾಳೆಯಲ್ಲಿ ಪ್ರಿಂಟ್ ತೆಗೆದರೆ ಬಿಳಿಯ ಜಾಗದಲ್ಲಿ ನಿಮ್ಮ ಹಳದಿಯೇ ಕಾಣುತ್ತದೆ. ಡೀಕಾಲ್ ಹಾಕುವ ಜಾಗ ಹೊಳಪಿರಬೇಕು. ಮ್ಯಾಟ್ ಮೇಲೆ ಹಾಕಿದರೆ ಅಡಿಯಲ್ಲಿ ಗಾಳಿ ಸಿಕ್ಕಿ ಬೆಳ್ಳಿ ಬೆಳ್ಳಿ ಮಿನುಗುತ್ತದೆ. ಮೊದಲು ಕ್ಲಿಯರ್ ಹೊಡೆದು, ಡೀಕಾಲ್ ಹಾಕಿ, ಕಡೆಗೆ ಮೇಲೊಂದು ಕೋಟ್. ಇಂಕ್‌ಜೆಟ್ ಪ್ರಿಂಟ್ ಆದರೆ ನೀರಿಗೆ ಹಾಕುವ ಮುಂಚೆಯೇ ಅದಕ್ಕೂ ಕ್ಲಿಯರ್ ಹೊಡೆಯಿರಿ, ಇಲ್ಲದಿದ್ದರೆ ಇಂಕು ಬಟ್ಟಲಲ್ಲೇ ಉಳಿಯುತ್ತದೆ.

ಟೈಗರ್ ಮಾತಿಗೆ ಐಲೆರಾನ್ (ರೆಕ್ಕೆಯ ಹಿಂಬದಿಯಲ್ಲಿ ಮೇಲೆ ಕೆಳಗೆ ಆಡುವ ಹಲಗೆ) ಕೆಳರೆಕ್ಕೆಯಲ್ಲಿ ಮಾತ್ರ ಇರುತ್ತದೆ. ಹಾಗಾಗಿ ಮೇಲಿನ ರೆಕ್ಕೆಯ ಚಕ್ರಕ್ಕೆ ಐಲೆರಾನಿನ ಸಂದಿಯ ಕಾಟವಿಲ್ಲ.

ಎರಡು ರೆಕ್ಕೆಗಳ ನಡುವೆ ಬಿಗಿಯುವ ತಂತಿಗಳನ್ನು ನೀವು ಕೇಳಲಿಲ್ಲ, ಕೇಳುತ್ತೀರಿ. ಅವು ಎಲ್ಲಕ್ಕಿಂತ ಕಡೆಗೆ. ಹಳೆಯ ಕರೆಂಟ್ ವೈರ್ ಸುಲಿದು ತಾಮ್ರದ ಒಂದೇ ಎಳೆ ತೆಗೆಯಿರಿ. ಫರಸಿ ಮೇಲೆ ಇಟ್ಟು ಸ್ಟೀಲ್ ಸ್ಕೇಲಿನಿಂದ ಹೊರಳಿಸಿದರೆ ಬಾಣದ ಹಾಗೆ ನೆಟ್ಟಗಾಗುತ್ತದೆ. ಬೆಳ್ಳಿ ಬಣ್ಣ ಹಚ್ಚಿ, ಅಳತೆಗೆ ಕತ್ತರಿಸಿ, ತುದಿಗೆ ಅಂಟು ಮುಟ್ಟಿಸಿ ಕೂರಿಸಿ. ದಾರ ಬಳಸಿದರೆ ನಾಲ್ಕು ತಿಂಗಳಲ್ಲಿ ಜೋಲುತ್ತದೆ, ಎಳೆ ಎಳೆ ನಾರೂ ಏಳುತ್ತದೆ.

ಕಲಬುರಗಿ, ಪ್ರಶ್ನೆ ಕೇಳಿದವನು, ಮೂರು ವಾರದ ಮೇಲೆ

ಎಲ್ಲರಿಗೂ ಶರಣು. ಬೆಳಗ್ಗೆ ಆರಕ್ಕೆ ಎದ್ದು ಹೊಡೆದೆ, ಹಳದಿ ಬೆಣ್ಣೆಯ ಹಾಗೆ ಕೂತಿದೆ. ಅಚ್ಚು ರೇಡಿಯಂ ಅಂಗಡಿಯಲ್ಲಿ ಮಾಡಿಸಿದೆ. ನನ್ನನ್ನು ಬಹಳ ಹೊತ್ತು ನೋಡಿ, ಇದು ಯಾವ ಪಕ್ಷದ ಚಿಹ್ನೆ ಅಂತ ಕೇಳಿದರು. ಒಡಲಿನ ಎಡಗಡೆಯ ಚಕ್ರದಲ್ಲಿ ಕೇಸರಿ ಕೂದಲೆಳೆಯಷ್ಟು ಪಕ್ಕಕ್ಕೆ ಸರಿದಿದೆ. ಶೋಕೇಸಿನಲ್ಲಿ ಆ ಕಡೆ ಗೋಡೆಗೆ.

ಒಂದೇ ಸಮಸ್ಯೆ. ಕೆಳರೆಕ್ಕೆಯ ಅಡಿಯ ನಂಬರನ್ನು ಮಗಳಿಗೆ ಬಿಟ್ಟೆ. ಒಂದು ಕಡೆ ನೇರವಾಗಿದೆ, ಇನ್ನೊಂದು ಕಡೆ ತಲೆಕೆಳಗಾಗಿ ಕೂರಿಸಿದ್ದಾಳೆ. ಕ್ಲಿಯರ್ ಕೂಡ ಹೊಡೆದಾಗಿದೆ. ಕಿತ್ತರೆ ಹಳದಿ ಬರುತ್ತದೆ. ಏನು ಮಾಡಲಿ?

ಬೀದರ್, ಇತಿಹಾಸದ ಮೇಷ್ಟ್ರು

ಕೀಳಬೇಡಿ! ಬ್ರಿಟಿಷ್ ವಾಯುಪಡೆಯಲ್ಲಿ ರೆಕ್ಕೆಯಡಿಯ ನಂಬರನ್ನು ಹಾಗೇ ಬರೆಯುತ್ತಿದ್ದರು. ಒಂದು ರೆಕ್ಕೆಯದು ಮುಂದಿನಿಂದ ನೋಡಿದರೆ ನೇರ, ಇನ್ನೊಂದರದ್ದು ಹಿಂದಿನಿಂದ ನೋಡಿದರೆ ನೇರ. ನಿಮ್ಮ ವಿಮಾನವನ್ನು ಅಡಿಯಿಂದ ತೆಗೆದ ಫೋಟೋ ಸಿಗುವ ತನಕ ಅದನ್ನು ಮುಟ್ಟಬೇಡಿ. ಹಾಗೇ, ಅದು ತಪ್ಪು ಅಂತ ಮಗಳಿಗೆ ಹೇಳಿಬಿಟ್ಟಿದ್ದೀರಾ?