ಇಂಟರ್‌ವ್ಯೂ ಆಗಿ 18 ದಿನ, ಎಚ್‌ಆರ್ ಕಡೆಯಿಂದ ಸುದ್ದೀನೇ ಇಲ್ಲ

ಪ್ರಶ್ನೆ: ನಮಸ್ಕಾರ್ರಿ. ಬೆಳಗಾವಿ ಉದ್ಯಮಬಾಗದ ಒಂದು ಫೌಂಡ್ರಿಯೊಳಗ ಕ್ವಾಲಿಟಿ ಇನ್‌ಸ್ಪೆಕ್ಟರ್ ಹುದ್ದೆಗೆ 4ನೇ ತಾರೀಖು ಎರಡನೇ ಸುತ್ತು ಆತು. ಮೈಕ್ರೋಮೀಟರ್ ಕೊಟ್ಟು ಅಳತಿ ಮಾಡಿಸಿ ನೋಡಿದ್ರು, ‘ವಾರದಾಗ ಹೇಳ್ತೀವಿ’ ಅಂದ್ರು. ಇವತ್ತು 22. ‘ಏನಾತ್ರಿ ಸರ್’ ಅಂತ ವಾಟ್ಸಾಪ್ ಮಾಡಿದ್ರ ನೀಲಿ ಟಿಕ್ ಅಷ್ಟ. ಈಗಿನ ಕೆಲಸಕ್ಕ ರಾಜೀನಾಮೆ ಕೊಡ್ಲೋ ಬ್ಯಾಡೋ?

ಉತ್ತರ: ಖಂಡಿತ ಬ್ಯಾಡ್ರಿ. ಹುದ್ದೆ, ಪಗಾರ, ಸೇರುವ ತಾರೀಖು ಬರೆದ ಆಫರ್ ಲೆಟರ್ ಕೈಗೆ ಬರುವತನಕ ಬಾಯಿಮಾತು ಲೆಕ್ಕಕ್ಕಿಲ್ಲ.

ಸುಮ್ಮನಿದ್ದಾರೆ ಅಂದಮೇಲೆ ನಿಮ್ಮನ್ನು ಬಿಟ್ಟರು ಅಂತಲೇ ಅಲ್ಲ. ಎಷ್ಟೋ ಸಲ ಮೊದಲ ಆಯ್ಕೆಯವರಿಗೆ ಆಫರ್ ಹೋಗಿರುತ್ತದೆ, ಅವರು ನೋಟಿಸ್ ಅವಧಿ ಮುಗಿಸಿ ಬರ್ತಾರೋ ಇಲ್ಲೋ ಖಾತ್ರಿ ಇರೋದಿಲ್ಲ. ಎರಡನೆಯವರಿಗೆ ಹೂಂ ಅನ್ನಲಾರರು, ಊಹೂಂ ಅನ್ನಲೂ ಒಲ್ಲರು. ಅದನ್ನಾದರೂ ಹೇಳಬೇಕಿತ್ತು, ಹೇಳದಿರುವುದು ತಪ್ಪೇ.

ಸಣ್ಣ ಕಾರ್ಖಾನೆಗಳಲ್ಲಿ ನೇಮಕಾತಿ, ಹಾಜರಿ, ಪಗಾರ ಎಲ್ಲವೂ ಒಬ್ಬರ ತಲೆ ಮೇಲೇ ಇರುತ್ತವೆ. 7ರೊಳಗೆ ಪಗಾರ, 15ರೊಳಗೆ ಪಿಎಫ್, ಇಎಸ್‌ಐ ಕಟ್ಟಬೇಕು. ನಿಮಗೆ ಹೇಳಿದ ವಾರ ಸರಿಯಾಗಿ ಅದರ ನಡುವೆ ಬಿದ್ದಿದೆ. ಈಗ ಆ ಗದ್ದಲ ಮುಗಿದಿದೆ, ನಾಳೆ ಬೆಳಿಗ್ಗೆ 11ರ ಸುಮಾರಿಗೆ ಮೇಲ್ ಮಾಡಿ. ವಾರದ ರಜೆಯ ಮರುದಿನ ಮಾತ್ರ ಬೇಡ.

ಇಂಟರ್‌ವ್ಯೂಗೆ ಕರೆದಿದ್ದ ಹಳೇ ಮೇಲ್‌ಗೇ ರಿಪ್ಲೈ ಮಾಡಿ, ಆಗ ನೀವ್ಯಾರೆಂದು ಅವರು ಹುಡುಕಬೇಕಿಲ್ಲ. ಹೆಸರು, ಫೋನ್ ನಂಬರ್ ಜೊತೆ ಇಷ್ಟೇ ಬರೀರಿ: “ಕ್ವಾಲಿಟಿ ಇನ್‌ಸ್ಪೆಕ್ಟರ್ ಹುದ್ದೆಗೆ 4ರಂದು ಎರಡನೇ ಸುತ್ತು ಮುಗಿಸಿದ್ದೇನೆ. ಆಯ್ಕೆ ಇನ್ನೂ ನಡೆದಿದೆಯೇ? ಯಾವ ದಿನದೊಳಗೆ ತಿಳಿಸುವಿರಿ? ನನ್ನ ನೋಟಿಸ್ ಅವಧಿ 30 ದಿನ.” ‘ಏನಾತ್ರಿ ಸರ್’ ಅನ್ನುವುದರಲ್ಲಿ ಹೆಸರೂ ಇಲ್ಲ, ಹುದ್ದೆಯೂ ಇಲ್ಲ, ನೋಡಿದವರು ಆಮೇಲೆ ನೋಡೋಣ ಅಂತ ಮುಂದೆ ಹೋಗಿಬಿಡ್ತಾರೆ.

5 ಕೆಲಸದ ದಿನ ಕಾಯಿರಿ, ಸ್ಪ್ಯಾಮ್ ಫೋಲ್ಡರೂ ನೋಡಿ. ಆಮೇಲೆ ಆಫೀಸ್ ನಂಬರಿಗೆ ಒಂದೇ ಕಾಲ್. ಅಷ್ಟರಲ್ಲಿ ಹೊನಗಾ, ಮಚ್ಛೆ ಕಡೆಯ ಕಾರ್ಖಾನೆಗಳಿಗೂ ಅರ್ಜಿ ಹಾಕೋದು ನಿಲ್ಲಿಸಬೇಡಿ.

ಪ್ರಶ್ನೆ: ನಡುವ ಕೆಲಸ ಕೊಡಿಸೋ ಕನ್ಸಲ್ಟೆನ್ಸಿ ಐತ್ರಿ. ಯಾರನ್ನ ಕೇಳ್ಲಿ?

ಉತ್ತರ: ಹಂಗಿದ್ರ ಮೊದಲು ಅವರನ್ನೇ ಕೇಳ್ರಿ. ಕನ್ಸಲ್ಟೆನ್ಸಿಯವರು ಹೇಳ್ಯಾರಂತ ಕಂಪನಿಯವರು, ಕಂಪನಿಯವರು ಹೇಳ್ಯಾರಂತ ಕನ್ಸಲ್ಟೆನ್ಸಿಯವರು ಸುಮ್ಮನಿರ್ತಾರ, ನಡುವ ನಿಮಗ ಯಾರೂ ಹೇಳಿರಂಗಿಲ್ಲ. ಸಾಮಾನ್ಯವಾಗಿ ಅವರ ಕಮಿಷನ್ ನೀವು ಸೇರಿದ ಮೇಲೆ ಕಂಪನಿಯಿಂದ ಬರುತ್ತದೆ, ಹಾಗಾಗಿ ಆಯ್ಕೆ ಆಗದವರಿಗೆ ಫೋನ್ ಮಾಡುವ ಗೋಜಿಗೆ ಹೋಗೋದಿಲ್ಲ. 2 ದಿನದಲ್ಲಿ ಉತ್ತರ ಬಾರದಿದ್ದರೆ ಕಂಪನಿಗೆ ಬರೆಯಿರಿ, ಕನ್ಸಲ್ಟೆನ್ಸಿಯ ಹೆಸರು ಹಾಕಿ. ‘ಆಫರ್ ಲೆಟರ್ ಬಿಡಿಸಾಕ’ ರೊಕ್ಕ ಕೇಳಿದ್ರ ಕೊಡಬ್ಯಾಡ್ರಿ. ಆನ್‌ಲೈನ್‌ನಲ್ಲಿ ಕೊಟ್ಟು ಮೋಸ ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.